ಹಾಯಿಯ ಮನೆ, ಬೆಕ್ಕಿನ ಒಕ್ಕಲು

ಬಾಡಿಗೆಯ ಮನೆಯಲ್ಲಿ ಬೆಕ್ಕು ಸಾಕಿದವನಿಗೆ ಯಜಮಾನರು ಇಬ್ಬರು. ತಿಂಗಳ ಮೊದಲ ವಾರದಲ್ಲಿ ಬಾಡಿಗೆ ಪಡೆಯುವವರು ಒಬ್ಬರು. ದಿನಕ್ಕೆ ಮೂರು ಬಾರಿ ಹಾಲು ಪಡೆಯುವುದು ಇನ್ನೊಂದು. ಈ ಇಬ್ಬರ ನಡುವೆ ಸೌಹಾರ್ದವಿರುವವರೆಗೆ ಸಂಸಾರ ಸುಗಮವಾಗಿ ಸಾಗುತ್ತದೆ. ಶಿರಸಿಯ ನಮ್ಮ ಬಿಡಾರದಲ್ಲಿ ಆರು ವರ್ಷಕಾಲ ಹಾಗೆಯೇ ಸಾಗಿದ್ದಿತು. ಆದರೆ ಕಳೆದ ಚೈತ್ರದಲ್ಲಿ ನಮ್ಮ ಕೆಂಚಿಯು ಹೆಂಚಿನ ಸಂದಿನಿಂದ ಯಜಮಾನರ ಅಟ್ಟವನ್ನು ಹೊಕ್ಕು, ಅವರ ಮಗಳ ಮದುವೆಗೆಂದು ಜೋಪಾನವಾಗಿ ಮಡಿಸಿ ಇಟ್ಟಿದ್ದ ರೇಷ್ಮೆ ಸೀರೆಗಳ ಪೆಟ್ಟಿಗೆಯಲ್ಲಿ ನಾಲ್ಕು ಮರಿಗಳನ್ನು ಹಾಕಿತು. ಅದಾದ ಮರುದಿನ ಯಜಮಾನರು ನಮ್ಮ ಜಗುಲಿಗೆ ಬಂದರು. ಕವಳ ಕೊಟ್ಟರೆ ಮುಟ್ಟಲಿಲ್ಲ.

“ಮಾಸ್ತರೇ, ನೀವು ಎಷ್ಟು ವರ್ಷ ಬೇಕಾದರೂ ಇರಿ. ಬೆಕ್ಕು ಮಾತ್ರ ಇರುವುದು ಬೇಡ. ಬೆಕ್ಕು ಇರಲೇಬೇಕೆಂದರೆ ಮಿರ್ಗದ ಮಳೆ ಹಿಡಿಯುವುದರೊಳಗೆ ಬೇರೆ ಮನೆ ನೋಡಿಕೊಳ್ಳಿ” ಎಂದರು.

ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಮೂರು ಮರಿಗಳು ಗೆಳೆಯರ ಮನೆಗಳನ್ನು ಸೇರಿದುವು. ಕರಿಯನೆಂಬ ಒಂದು ಮರಿಯೂ, ತಾಯಿ ಕೆಂಚಿಯೂ ನಮ್ಮಲ್ಲಿ ಉಳಿದುವು. ಒಂಬತ್ತು ವರ್ಷದ ನನ್ನ ಮಗಳು ಆ ರಾತ್ರಿ ಊಟ ಮಾಡಲಿಲ್ಲ. ಮಾಡುವುದೇನೆಂದು ತೋಚದೆ ನಾನು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿರುವುತ್ತ ಕುಳಿತಿದ್ದೆ. ಅವಳು ಮೊಬೈಲ್ ಫೋನನ್ನು ನನ್ನ ಮುಂದೆ ಹಿಡಿದು, “ಅಪ್ಪಾ, ಬೆಕ್ಕು ಬೇಡವೆನ್ನುವ ಯಜಮಾನರೇ ಇಲ್ಲದ ಮನೆ ಇಲ್ಲಿದೆ ನೋಡು” ಎಂದಳು. ನೋಡಿದರೆ ಅದು ಮನೆಯಲ್ಲ, ಒಂದು ಹಾಯಿದೋಣಿ! ಅದರ ಮೇಲೆ ಗಡ್ಡಧಾರಿಯಾದ ಒಬ್ಬ ತರುಣ. ಅವನ ಪಕ್ಕದಲ್ಲಿ ಸಮುದ್ರವನ್ನು ತನ್ನ ಹಿತ್ತಲೆಂಬಂತೆ ನೋಡುತ್ತ ಕುಳಿತ ಒಂದು ಬೆಕ್ಕು.

ಈ ಲೇಖನಕ್ಕೆ ಆ ಚಿತ್ರವೇ ಮೂಲ.

ಬೆಕ್ಕಿನೊಡನೆ ಹೊರಟವನು

ಆ ತರುಣನ ಹೆಸರು ಆಲಿವರ್ ವಿಡ್ಜರ್. ಅಮೆರಿಕದ ಆರೆಗನ್ ಪ್ರಾಂತದವನು. ಟಯರು ಮಾರುವ ಸಂಸ್ಥೆಯೊಂದರಲ್ಲಿ ಅವನಿಗೆ ಒಳ್ಳೆಯ ನೌಕರಿ ಇದ್ದಿತು. ಕುತ್ತಿಗೆಯ ಎಲುಬುಗಳು ಒಂದಕ್ಕೊಂದು ಬೆಸೆದುಕೊಂಡಿರುವ ಹುಟ್ಟುದೋಷವೊಂದು ತನ್ನಲ್ಲಿದೆ, ಅದರಿಂದ ಪಾರ್ಶ್ವವಾಯುವಿನ ಭಯವೂ ಇದೆ ಎಂಬುದು ವೈದ್ಯರಿಂದ ತಿಳಿದಾಗ ಅವನು ನೌಕರಿಯನ್ನು ಬಿಟ್ಟ. ನಿವೃತ್ತಿಗೆಂದು ಕೂಡಿಟ್ಟಿದ್ದ ಹಣವನ್ನು ತೆಗೆದು ಒಂದು ಹಳೆಯ ಹಾಯಿದೋಣಿಯನ್ನು ಕೊಂಡ. ದೋಣಿ ನಡೆಸುವ ವಿದ್ಯೆಯನ್ನು ಬಹುಮಟ್ಟಿಗೆ ಯೂಟ್ಯೂಬಿನಲ್ಲಿ ನೋಡಿ ಕಲಿತ. 2025ರ ವಸಂತದಲ್ಲಿ ಫೀನಿಕ್ಸ್ ಎಂಬ ತನ್ನ ಬೆಕ್ಕೊಂದನ್ನೇ ಸಂಗಾತಿಯಾಗಿಸಿಕೊಂಡು ಶಾಂತಸಾಗರಕ್ಕೆ ಇಳಿದು, ಮೇ 24ರಂದು ಹವಾಯಿಯ ಹೊನೊಲುಲುವನ್ನು ಮುಟ್ಟಿದ. ಅಲ್ಲಿ ಅವನನ್ನು ಎದುರುಗೊಳ್ಳಲು ರಾಜ್ಯದ ಗವರ್ನರರೇ ಬಂದಿದ್ದರು.

ನನ್ನಾಕೆ ಇದನ್ನೆಲ್ಲ ಕೇಳಿ, “ದೋಣಿಯ ಬೆಲೆ ಎಷ್ಟಂತೆ?” ಎಂದು ಕೇಳಿದಳು. ಗೃಹಿಣಿಯ ಪ್ರಶ್ನೆ ಯಾವಾಗಲೂ ನೇರವಾಗಿಯೇ ಬರುತ್ತದೆ. ಸುಮಾರು 50,000 ಡಾಲರುಗಳು. ಅಂದಿನ ವಿನಿಮಯದಲ್ಲಿ ನಮ್ಮ 42 ಲಕ್ಷ ರೂಪಾಯಿಗಳಿಗೂ ಮಿಗಿಲು.

“ಅಷ್ಟಿದ್ದರೆ ಇಲ್ಲಿಯೇ ಸ್ವಂತ ಮನೆ ಕಟ್ಟಿ, ಶಿರಸಿಯ ಬೆಕ್ಕುಗಳನ್ನೆಲ್ಲ ಸಾಕಬಹುದಿತ್ತು” ಎಂದು ಆಕೆ ಒಳಗೆ ಹೋದಳು.

ಮಾತೇನೋ ನಿಜ. ಆದರೆ ವಿಷಯ ನನ್ನನ್ನು ಬಿಡಲಿಲ್ಲ. ಅಲ್ಪ ಆದಾಯದಲ್ಲಿ ದೋಣಿಯನ್ನೇ ಮನೆಯಾಗಿ ಮಾಡಿಕೊಂಡು, ಬೆಕ್ಕನ್ನೂ ಕೂಡಿಸಿಕೊಂಡು ಬಾಳಿದವರು ಜಗತ್ತಿನಲ್ಲಿ ಇದ್ದಾರೆಯೆ? ನಮ್ಮ ನಾಡಿನಲ್ಲಿ ಇದ್ದರೆ? ಈ ಪ್ರಶ್ನೆಗಳ ಬೆನ್ನು ಹತ್ತಿ ಒಂದು ಭಾನುವಾರ ಮಗಳನ್ನೂ ಕರೆದುಕೊಂಡು ದೇವಿಮನೆ ಘಟ್ಟವನ್ನು ಇಳಿದೆ.

ಅಡಕೆ ಇಳಿದ ದಾರಿ

ಶಿರಸಿ, ಸಿದ್ದಾಪುರ, ಯಲ್ಲಾಪುರ — ಈ ಮೂರು ತಾಲೂಕುಗಳಿಂದ ಸಮುದ್ರ ಕಾಣದು. ಆದರೆ ಇವುಗಳ ಬಾಳುವೆಯೆಲ್ಲ ಸಮುದ್ರದ ಕಡೆಗೇ ಹರಿಯುತ್ತಿದ್ದಿತು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯನ್ನು ಪಡೆದ ‘ಶಿರಸಿ ಸುಪಾರಿ’ ಈ ಮೂರು ತಾಲೂಕುಗಳ ಬೆಳೆ. ಇಂದು ಆ ಅಡಕೆ ಲಾರಿಯಲ್ಲಿ ಹೋಗುತ್ತದೆ. ಲಾರಿಗಳಿಗೆ ಮೊದಲು ಅದು ಎತ್ತಿನ ಗಾಡಿಗಳಲ್ಲಿ ಘಟ್ಟವನ್ನು ಇಳಿಯುತ್ತಿದ್ದಿತು. ಶಿರಸಿಯ ಗಾಡಿಗಳು ದೇವಿಮನೆಯ ದಾರಿಯಾಗಿ ಕುಮಟೆಗೆ. ಯಲ್ಲಾಪುರದವು ಅರಬೈಲಿನ ದಾರಿಯಾಗಿ ಅಂಕೋಲೆ ಕಾರವಾರಗಳ ಕಡೆಗೆ. ಸಿದ್ದಾಪುರದವು ಕುಮಟೆಗೂ ಹೊನ್ನಾವರಕ್ಕೂ. ಅಡಕೆ, ಕಾಳುಮೆಣಸು, ಏಲಕ್ಕಿಗಳು ಕೆಳಗಿಳಿದು ಹಾಯಿಯ ಮಚವೆಗಳನ್ನೂ ಪತ್ತೇಮಾರಿಗಳನ್ನೂ ಏರಿ ಮುಂಬಯಿಯತ್ತ ಸಾಗುತ್ತಿದ್ದುವು. ಹಿಂದಿರುಗುವ ಗಾಡಿಗಳಲ್ಲಿ ಸಾಣಿಕಟ್ಟೆಯ ಉಪ್ಪು ಘಟ್ಟ ಹತ್ತಿ ನಮ್ಮ ಉಪ್ಪಿನಕಾಯಿಯ ಭರಣಿಗಳನ್ನು ಸೇರುತ್ತಿದ್ದಿತು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ದೊರೆಯದಾದಾಗ ಧಾರವಾಡ ಸೀಮೆಯ ಹತ್ತಿ ಇದೇ ಕುಮಟೆಗೆ ಇಳಿಯಿತು. ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಎಂಬ ಹೆಸರೇ ಬಿದ್ದಿತು. ಬೆಳೆದ ಊರಿನ ಹೆಸರನ್ನು ಬಿಟ್ಟು ಹಡಗು ಹತ್ತಿದ ಊರಿನ ಹೆಸರನ್ನು ಹೊತ್ತ ಸರಕು ಅದು. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಗೋವೆಯ ಮುರಗಾವಿಗೆ ರೈಲು ಬಂದ ಮೇಲೆ ಕುಮಟೆಯ ಬಂದರಿನ ವೈಭವ ಕುಗ್ಗಿತು. ಆದರೂ ಮಚವೆಗಳು ಒಮ್ಮೆಗೇ ಮರೆಯಾಗಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗ ಕಳೆಯುವವರೆಗೂ ಅಡಕೆಯ ಮೂಟೆ, ಮಂಗಳೂರಿನ ಹೆಂಚು, ಕಟ್ಟಿಗೆ ಇವುಗಳನ್ನು ಹೊತ್ತು ಬಿಳಿಯ ಹಾಯಿಗಳು ಈ ಕರಾವಳಿಯಲ್ಲಿ ಓಡಾಡುತ್ತಿದ್ದುವು.

ನಾವಿಬ್ಬರೂ ಹೋದುದು ತದಡಿಗೆ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತದೆಂದು ನಮ್ಮವರು ನಂಬುವ ಅಘನಾಶಿನಿಯು ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಎಲ್ಲಿಯೂ ಅಣೆಕಟ್ಟಿನ ತಡೆ ಇಲ್ಲದೆ ಹರಿದು, ತದಡಿಯ ಬಳಿ ಕಡಲನ್ನು ಸೇರುತ್ತದೆ. “ನಮ್ಮ ಅಂಗಳದ ಮಳೆನೀರು ಇಲ್ಲಿಗೇ ಬರುತ್ತದೆಯೆ?” ಎಂದು ಮಗಳು ಕೇಳಿದಳು. ಬರುತ್ತದೆ, ಎಂದೆ.

ಮಚವೆಯ ಸಂಸಾರ

ಬಂದರಿನಲ್ಲಿ ಇಂದು ಕಾಣುವುದು ಯಂತ್ರದ ಮೀನುದೋಣಿಗಳೇ. ಅಲ್ಲಿ ಬಲೆ ನೇಯುತ್ತಿದ್ದ ಎಂಬತ್ತು ದಾಟಿದ ತಂಡೇಲರೊಬ್ಬರು ನಮ್ಮೊಡನೆ ಮಾತಿಗೆ ಕುಳಿತರು. ಮೀಸೆ ಮೂಡುವ ಮೊದಲೇ ಅವರು ತಂದೆಯ ಜೊತೆಯಲ್ಲಿ ಮಚವೆ ಹತ್ತಿದವರಂತೆ. ಹುಣ್ಣಿಮೆಯ ದಿನ ಕಡಲಿಗೆ ತೆಂಗಿನಕಾಯಿ ಒಪ್ಪಿಸಿ ಹೊರಟರೆ ಮತ್ತೆ ಮಳೆಗಾಲದವರೆಗೆ ಮಚವೆಯೇ ಮನೆ. ಈ ಹುಣ್ಣಿಮೆ ಯಾವುದೆಂದು ಓದುಗರಿಗೆ ತಿಳಿದೇ ಇದೆ: ಘಟ್ಟದ ಮೇಲೆ ನಾವು ಜನಿವಾರ ಬದಲಿಸುವ ನೂಲಹುಣ್ಣಿಮೆಯೇ ಕರಾವಳಿಯಲ್ಲಿ ಸಮುದ್ರಪೂಜೆಯ ದಿನ.

“ಮಚವೆಯಲ್ಲಿ ಕೋಣೆಗಳು ಎಷ್ಟಿದ್ದುವು?” ಎಂದು ಕೇಳಿದ ನನ್ನ ಮೌಢ್ಯಕ್ಕೆ ಅವರು ಬಹಳ ಹೊತ್ತು ನಕ್ಕರು. ಕೋಣೆ ಇರುವುದು ಸರಕಿಗೆ. ಮನುಷ್ಯನಿಗೆ ಹಲಗೆಯ ಮೇಲೆ ಚಾಪೆ, ಚಾಪೆಯ ಮೇಲೆ ನಕ್ಷತ್ರ. ಮರದ ಪೆಟ್ಟಿಗೆಯಲ್ಲಿ ಮರಳೋ ಮಣ್ಣೋ ತುಂಬಿ ಅದರ ಮೇಲೆ ಒಲೆ. ಪೀಪಾಯಿಯಲ್ಲಿ ಕುಡಿಯುವ ನೀರು. ಅದರ ಕೀಲಿಕೈ ತಂಡೇಲನ ಸೊಂಟದಲ್ಲಿ. ಸ್ನಾನ, ಪಾತ್ರೆ ತೊಳೆಯುವುದು ಎಲ್ಲವೂ ಉಪ್ಪುನೀರಿನಲ್ಲಿ. ಕುಚ್ಚಲಕ್ಕಿಯ ಗಂಜಿ, ಕಡಲು ಕೊಟ್ಟ ದಿನ ಮೀನು, ಕೊಡದ ದಿನ ಉಪ್ಪಿನಕಾಯಿ. ರಾತ್ರಿ ನೆಲದ ಕಡೆಯಿಂದ ಬೀಸುವ ಗಾಳಿಯನ್ನು ಹಿಡಿದು ಹೊರಗೆ ಸಾಗುವುದು. ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಗಾಳಿಯನ್ನು ಹಿಡಿದು ದಡವನ್ನು ಕಾಣುವುದು. ಗಾಳಿಗೆ ಬಾಡಿಗೆ ಇಲ್ಲ. ಆದುದರಿಂದ ಖರ್ಚೆಂದರೆ ಹಾಯಿಯ ಬಟ್ಟೆ, ಹಗ್ಗ, ಮತ್ತು ಮರವನ್ನು ಕೊರೆಯುವ ಹುಳುವಿನಿಂದ ಅಡಿಯನ್ನು ಕಾಪಾಡಲು ವರ್ಷವರ್ಷವೂ ಬಳಿಯುವ ಎಣ್ಣೆ, ಸುಣ್ಣ.

“ಬೆಕ್ಕು ಇತ್ತೇ ಅಜ್ಜಾ?” ಎಂದು ಮಗಳು ಕೇಳಿದಳು.

“ಬೆಕ್ಕು ಇಲ್ಲದೇ ಆಗ್ತದ್ಯೇ ತಂಗೀ?” ಎಂದರು ಅವರು. ನಿಮ್ಮ ಘಟ್ಟದ ಮೇಲಿನ ಮೂಟೆಗಳ ಜೊತೆಯಲ್ಲಿಯೇ ಇಲಿಗಳೂ ಇಳಿದು ಬರುತ್ತಿದ್ದುವು. ಅವು ಗೋಣಿಯನ್ನು ಕಡಿದರೆ ಸರಕು ಹಾಳು, ಹಗ್ಗವನ್ನು ಕಡಿದರೆ ಪ್ರಾಣವೇ ಹಾಳು ಎಂದು ವಿವರಿಸಿದರು. ಅವರ ತಂದೆಯ ಮಚವೆಯಲ್ಲಿ ಒಂದು ಬಿಳಿಯ ಬೆಕ್ಕು ಇದ್ದಿತಂತೆ. ಅದಕ್ಕೆ ಪಾಲು ಇಲ್ಲ, ಸಂಬಳ ಇಲ್ಲ. ಮೀನಿನ ತಲೆಯೊಂದೇ ಹಕ್ಕು. ಒಮ್ಮೆ ಮುಂಬಯಿಯಲ್ಲಿ ಅದು ದಡಕ್ಕಿಳಿದು ಹೊತ್ತಿಗೆ ಹಿಂತಿರುಗಲಿಲ್ಲ. ಇಡೀ ಒಂದು ಉಬ್ಬರವನ್ನು ಕಳೆದುಕೊಂಡು, ಬೆಕ್ಕು ಬಂದ ಮೇಲೆಯೇ ಲಂಗರು ಎತ್ತಿದರೆಂದು ಹೇಳುವಾಗ ಮುದುಕರ ಮುಖದಲ್ಲಿ ಬಾಲ್ಯ ಮರಳಿದ್ದಿತು.

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ ದೊರೆತಂತಾಯಿತು. ಮಿತವಾದ ಖರ್ಚಿನಲ್ಲಿ, ಬೆಕ್ಕಿನೊಡನೆ, ಹಾಯಿಯ ಹಡಗಿನಲ್ಲಿ ಬಾಳುವುದು ಅಮೆರಿಕದ ಹೊಸ ಆವಿಷ್ಕಾರವೇನಲ್ಲ. ನಮ್ಮ ಅಡಕೆಯನ್ನು ಸಾಗಿಸಿದವರು ಅದನ್ನು ವರ್ಷದ ಒಂಬತ್ತು ತಿಂಗಳು ಮಾಡುತ್ತಿದ್ದರು. ವ್ಯತ್ಯಾಸ ಇಷ್ಟೇ: ವಿಡ್ಜರನು ನೌಕರಿಯಿಂದ ಬಿಡುಗಡೆ ಬೇಕೆಂದು ಸಮುದ್ರಕ್ಕೆ ಹೋದ, ಇವರಿಗೆ ಸಮುದ್ರವೇ ನೌಕರಿ. ಅವರ ಹೆಂಡಿರು ಮಕ್ಕಳು ದಡದಲ್ಲಿ ದಾರಿ ಕಾಯುತ್ತಿದ್ದರು. ಬಾರದೆ ಹೋದವರೂ ಇದ್ದರು. ಆ ಮಾತು ಬಂದಾಗ ತಂಡೇಲರು ಬಲೆಯ ಕಡೆಗೆ ತಲೆ ಬಾಗಿಸಿ ಸುಮ್ಮನಾದರು. ನಾನೂ ಹೆಚ್ಚು ಕೇಳಲಿಲ್ಲ.

ಹಡಗು ಹತ್ತಿದ ಮಾರ್ಜಾಲ

ಬೆಕ್ಕಿಗೂ ಹಡಗಿಗೂ ಇರುವ ನಂಟು ಎಷ್ಟು ಹಳೆಯದೆಂದು ನೋಡಹೊರಟರೆ ಆಶ್ಚರ್ಯವಾಗುತ್ತದೆ. ಭೂಮಧ್ಯ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಒಂದು ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲಿಯೇ ಹೂತ ಬೆಕ್ಕಿನ ಅಸ್ಥಿಪಂಜರ ದೊರೆತ ಸುದ್ದಿಯನ್ನು ವಿದ್ವಾಂಸರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪದಲ್ಲಿ ಬೆಕ್ಕಿನ ಮೂಲಸಂತತಿ ಇರಲಿಲ್ಲ. ಅಂದಮೇಲೆ ಅದನ್ನು ಯಾರೋ ದೋಣಿಯಲ್ಲಿ ಕರೆತಂದಿರಲೇಬೇಕು. ಪುರಾತನ ಬೆಕ್ಕುಗಳ ಎಲುಬು ಹಲ್ಲುಗಳಿಂದ ವಂಶವಾಹಿಗಳನ್ನು ತೆಗೆದು ಪರೀಕ್ಷಿಸಿದ ಇನ್ನೊಂದು ಸಂಶೋಧನೆ 2017ರಲ್ಲಿ ಬೆಳಕಿಗೆ ಬಂದಿತು. ಈಜಿಪ್ಟಿನ ಬೆಕ್ಕಿನ ವಂಶದ ಗುರುತು ಬಾಲ್ಟಿಕ್ ಸಮುದ್ರದ ದಡದ ವೈಕಿಂಗರ ಬಂದರೊಂದರಲ್ಲಿ ಕಂಡುಬಂದುದನ್ನು ಅದು ತೋರಿಸಿತು. ಧಾನ್ಯವಿದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಧಾನ್ಯ ಹಡಗು ಹತ್ತಿದಾಗ ಉಳಿದೆರಡೂ ಹತ್ತಿದುವು.

ಸಮುದ್ರದ ಬೆಕ್ಕುಗಳಲ್ಲಿ ಕೀರ್ತಿಶಾಲಿಯಾದುದು ಟ್ರಿಮ್. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ನೌಕಾದಳದ ಹಡಗೊಂದರಲ್ಲಿ, ನಡುಗಡಲಿನಲ್ಲಿ ಅದರ ಜನನ. ಮೈಯೆಲ್ಲ ಕಪ್ಪು, ಪಾದ, ಗದ್ದ, ಎದೆಗಳಲ್ಲಿ ಬಿಳಿ. ಮರಿಯಾಗಿದ್ದಾಗಲೇ ನೀರಿಗೆ ಬಿದ್ದು, ಈಜಿ ಬಂದು, ಹಗ್ಗವನ್ನು ಹಿಡಿದು ಮೇಲೇರಿತೆಂದು ಅದರ ಒಡೆಯ ಮ್ಯಾಥ್ಯೂ ಫ್ಲಿಂಡರ್ಸನೇ ಬರೆದಿಟ್ಟಿದ್ದಾನೆ. ಆಸ್ಟ್ರೇಲಿಯ ಖಂಡವನ್ನು ಸುತ್ತಿ ಅದರ ತೀರದ ನಕ್ಷೆಯನ್ನು ಬರೆದ ಈ ನಾವಿಕನೊಡನೆ ಟ್ರಿಮ್ ಕೂಡ ಖಂಡವನ್ನು ಸುತ್ತಿತು. 1803ರಲ್ಲಿ ಹಡಗು ಒಡೆದಾಗಲೂ ಬದುಕಿತು. ಆದರೆ ಅದೇ ವರ್ಷ ಫ್ರೆಂಚರು ಫ್ಲಿಂಡರ್ಸನನ್ನು ಮಾರಿಷಸ್ ದ್ವೀಪದಲ್ಲಿ ಸೆರೆಯಲ್ಲಿಟ್ಟ ಮೇಲೆ ಟ್ರಿಮ್ ಕಾಣೆಯಾಯಿತು. ಸೆರೆಯಲ್ಲಿದ್ದಾಗ ಆತ ತನ್ನ ಬೆಕ್ಕಿಗೊಂದು ಚರಮಗದ್ಯವನ್ನು ಬರೆದ. ಸಿಡ್ನಿಯ ಮಿಚೆಲ್ ಗ್ರಂಥಾಲಯದ ಕಿಟಕಿಯ ಕಟ್ಟೆಯ ಮೇಲೆ ಇಂದಿಗೂ ಟ್ರಿಮ್‌ನ ಕಂಚಿನ ವಿಗ್ರಹವಿದೆ.

ಎಲ್ಲ ಕಥೆಗಳೂ ಹೀಗೆ ವಿಗ್ರಹದಲ್ಲಿ ಮುಗಿಯುವುದಿಲ್ಲ. ಶ್ಯಾಕಲ್‌ಟನ್ನನ ದಕ್ಷಿಣಧ್ರುವ ಯಾತ್ರೆಯ ‘ಎಂಡ್ಯೂರೆನ್ಸ್’ ಹಡಗಿನಲ್ಲಿ ಬಡಗಿ ಮೆಕ್‌ನಿಶ್ ಒಂದು ಪಟ್ಟೆಬೆಕ್ಕನ್ನು ಸಾಕಿದ್ದ. ಬಡಗಿಯ ಬೆನ್ನು ಬಿಡದೆ ಸುತ್ತುತ್ತಿದ್ದುದರಿಂದ ಅದಕ್ಕೆ ‘ಮಿಸೆಸ್ ಚಿಪ್ಪಿ’ ಎಂದು ಹೆಸರಿಟ್ಟರು. ಅದು ಗಂಡುಬೆಕ್ಕೆಂಬುದು ಆಮೇಲೆ ತಿಳಿಯಿತು! 1915ರಲ್ಲಿ ಹಡಗು ಹಿಮಕ್ಕೆ ಸಿಕ್ಕಿ ನುಚ್ಚುನೂರಾದಾಗ, ಮುಂದಿನ ದುರ್ಗಮ ದಾರಿಯಲ್ಲಿ ಒಯ್ಯಲಾಗದೆಂದು ಬೆಕ್ಕನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆ ಬಡಗಿಯೇ ರಿಪೇರಿ ಮಾಡಿದ ದೋಣಿಯಿಂದ ಎಲ್ಲರ ಪ್ರಾಣ ಉಳಿಯಿತು. ಆದರೆ ಬೆಕ್ಕನ್ನು ಕೊಲ್ಲಿಸಿದ ನಾಯಕನನ್ನು ಆತ ಕೊನೆಯವರೆಗೂ ಕ್ಷಮಿಸಲಿಲ್ಲವೆನ್ನುತ್ತಾರೆ. ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿರುವ ಅವನ ಗೋರಿಯ ಮೇಲೆ 2004ರಲ್ಲಿ ಒಂದು ಕಂಚಿನ ಬೆಕ್ಕನ್ನು ಕೂರಿಸಲಾಯಿತು.

ಮೂರನೆಯದು ಸೈಮನ್. 1949ರ ಏಪ್ರಿಲಿನಲ್ಲಿ ಚೀನದ ಯಾಂಗ್‌ಟ್ಸಿ ನದಿಯಲ್ಲಿ ‘ಅಮೆಥಿಸ್ಟ್’ ಎಂಬ ಬ್ರಿಟಿಷ್ ಯುದ್ಧನೌಕೆ ಫಿರಂಗಿಯ ಏಟಿಗೆ ಸಿಕ್ಕಿ, ಜುಲೈ ಕೊನೆಯವರೆಗೆ ಅಲ್ಲಿಯೇ ಸಿಕ್ಕಿಬಿದ್ದಿತು. ಹಡಗಿನ ಬೆಕ್ಕು ಸೈಮನ್‌ಗೂ ಗಾಯವಾಗಿದ್ದಿತು. ಗಾಯ ಮಾಯುವ ಮುನ್ನವೇ ಅದು ಎದ್ದು, ಕಡಿಮೆಯಾಗುತ್ತಿದ್ದ ಆಹಾರಕ್ಕೆ ಬಾಯಿ ಹಾಕುತ್ತಿದ್ದ ಇಲಿಗಳನ್ನು ಹಿಡಿಯತೊಡಗಿತು. ಪ್ರಾಣಿಗಳ ಶೌರ್ಯಕ್ಕಾಗಿ ಕೊಡುವ ಡಿಕಿನ್ ಪದಕವನ್ನು ಪಡೆದ ಬೆಕ್ಕು ಇದೊಂದೇ. ಆದರೆ ಪದಕ ಕೊರಳಿಗೆ ಬರುವ ಮುನ್ನ, ಇಂಗ್ಲೆಂಡಿನಲ್ಲಿ ಹೊರದೇಶದ ಪ್ರಾಣಿಗಳನ್ನು ಆರು ತಿಂಗಳು ಪ್ರತ್ಯೇಕವಾಗಿಡುವ ಆವರಣದಲ್ಲಿಯೇ ಅದು ತೀರಿಕೊಂಡಿತು. ಗುಂಡಿನೇಟಿಗೆ ಬಗ್ಗದ ಜೀವ ಕಾನೂನಿನ ಪಂಜರದಲ್ಲಿ ಆರಿದುದನ್ನು ಓದಿದಾಗ ನನಗೆ ನಮ್ಮ ಯಜಮಾನರ ಗಡುವು ನೆನಪಾಯಿತು. ಮಗಳಿಗೆ ಈ ಕಥೆಯನ್ನು ಮಾತ್ರ ಹೇಳಲಿಲ್ಲ.

ಖರ್ಚಿನ ಕಂತೆ

ಇನ್ನು ವ್ಯವಹಾರಕ್ಕೆ ಬರೋಣ. ದೋಣಿಯಲ್ಲಿ ಬಾಳುವ ಬೆಕ್ಕಿಗೆ ಏನೇನು ಬೇಕು?

ಬೆಕ್ಕಿನ ಮೂಲಪುರುಷ ಪಶ್ಚಿಮ ಏಷ್ಯ, ಆಫ್ರಿಕಗಳ ಒಣನಾಡಿನ ಕಾಡುಬೆಕ್ಕು. ಆದುದರಿಂದ ಅದರ ಮೂತ್ರಪಿಂಡಗಳು ನೀರನ್ನು ಬಹಳ ಜಿಪುಣತನದಿಂದ ಬಳಸುತ್ತವೆ. ಹಸಿಮೀನು ದೊರೆತರೆ ಅದರಲ್ಲಿರುವ ನೀರಿನಿಂದಲೇ ಅದರ ಅಗತ್ಯ ಬಹುಮಟ್ಟಿಗೆ ತೀರುತ್ತದೆ. ದಿನದ ಹೆಚ್ಚು ಭಾಗ ನಿದ್ರೆ ಮಾಡುವುದರಿಂದ ಇಕ್ಕಟ್ಟಾದ ಜಾಗ ಅದಕ್ಕೆ ಹೊರೆಯಲ್ಲ. ಒಳಗಿವಿಯ ಸಮತೋಲನಶಕ್ತಿ ಎಷ್ಟೇ ಇದ್ದರೂ ಮೊದಲ ದಿನಗಳಲ್ಲಿ ಬೆಕ್ಕಿಗೂ ಕಡಲಬೇನೆ ಬರುವುದುಂಟು. ಅನುಭವಸ್ಥರು ದೋಣಿಯ ಅಂಚಿನ ಸುತ್ತ ಬಲೆ ಕಟ್ಟುತ್ತಾರೆ. ನೀರಿಗೆ ಬಿದ್ದರೆ ಉಗುರೂರಿ ಹತ್ತಿ ಬರಲೆಂದು ದಪ್ಪ ಹಗ್ಗವನ್ನೋ ಹಳೆಯ ಜಮಖಾನದ ತುಂಡನ್ನೋ ಇಳಿಬಿಟ್ಟಿರುತ್ತಾರೆ. ಟ್ರಿಮ್ ಕಲಿಸಿದ ಪಾಠ ಇನ್ನೂರು ವರ್ಷಗಳ ಮೇಲೂ ನಡೆಯುತ್ತಿದೆ! ಶೌಚಕ್ಕೆ ಮರಳಿನ ತಟ್ಟೆ. ದಡ ಸೇರುವ ಮುನ್ನ ಹುಚ್ಚುನಾಯಿರೋಗದ ಲಸಿಕೆಯ ಪತ್ರ. ಇಂಗ್ಲೆಂಡು 2000ದಲ್ಲಿ ಆರು ತಿಂಗಳ ಕಟ್ಟನ್ನು ಸಡಿಲಿಸಿತಾದರೂ ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿ ಇಂದಿಗೂ ಹತ್ತು ದಿನವೋ ಅದಕ್ಕೂ ಹೆಚ್ಚೋ ಬೆಕ್ಕನ್ನು ಪ್ರತ್ಯೇಕವಾಗಿಡಬೇಕು.

ಮನುಷ್ಯನ ಖರ್ಚೇ ದೊಡ್ಡದು. ದೋಣಿಯ ಬೆಲೆಯ ಹತ್ತನೆಯ ಒಂದು ಭಾಗ ಪ್ರತಿವರ್ಷ ಅದರ ರಿಪೇರಿಗೇ ಬೇಕೆಂಬುದು ದೋಣಿಗರ ಸ್ಥೂಲವಾದ ಲೆಕ್ಕ. ದೋಣಿ ಉದ್ದವಾದಷ್ಟೂ ಹಾಯಿ, ಹಗ್ಗ, ಬಣ್ಣ, ಬಂದರಿನ ಶುಲ್ಕ ಎಲ್ಲವೂ ಏರುತ್ತವೆ. ಮಿತವ್ಯಯಿಗಳು ಈ ಗಂಟನ್ನು ಬಿಡಿಸಿದುದು ದೋಣಿಯನ್ನು ಕಿರಿದು ಮಾಡುವುದರಿಂದ. ಲಿನ್ ಮತ್ತು ಲ್ಯಾರಿ ಪಾರ್ಡೆ ಎಂಬ ದಂಪತಿಗಳು ತಾವೇ ಕಟ್ಟಿದ, ಕೇವಲ 24 ಅಡಿ ಉದ್ದದ ‘ಸೆರಾಫಿನ್’ ಎಂಬ ದೋಣಿಯಲ್ಲಿ 1969ರಿಂದ ಹನ್ನೊಂದು ವರ್ಷ ಜಗತ್ತನ್ನು ಸುತ್ತಿದರು. ಯಂತ್ರವಿಲ್ಲ, ಸೀಮೆಎಣ್ಣೆಯ ದೀಪ. ಹೋದ ಹೋದ ಬಂದರಿನಲ್ಲಿ ಇತರರ ದೋಣಿಗಳನ್ನು ರಿಪೇರಿ ಮಾಡಿ, ಪತ್ರಿಕೆಗಳಿಗೆ ಬರೆದು ಹೊಟ್ಟೆ ಹೊರೆದರು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ನಮ್ಮ ಗಾದೆಯನ್ನು ಅವರು ಅಕ್ಷರಶಃ ಆಚರಿಸಿದವರು. 24 ಅಡಿಯೆಂದರೆ ನಮ್ಮ ಕಡೆಯ ಒಂದು ಮಧ್ಯಮ ತೋಟಿಗರ ಮನೆಯ ಜಗುಲಿಯ ಉದ್ದ.

ಇಲ್ಲಿ ನನಗೆ ಬಾಲ್ಯದಲ್ಲಿ ಕೇಳಿದ ಸನ್ಯಾಸಿಯ ಕಥೆ ನೆನಪಾಗುತ್ತದೆ. ಕೌಪೀನವನ್ನು ಇಲಿ ಕಡಿಯಿತೆಂದು ಸನ್ಯಾಸಿ ಬೆಕ್ಕು ಸಾಕಿದ. ಬೆಕ್ಕಿನ ಹಾಲಿಗೆ ಹಸು ಬಂದಿತು. ಹಸುವನ್ನು ನೋಡಿಕೊಳ್ಳಲು ಹೆಂಡತಿ ಬಂದಳು. ಕೊನೆಗೆ ಸಂಸಾರವೇ ಬಂದಿತು. ಬಿಡುಗಡೆಯನ್ನು ಬಯಸಿ ದೋಣಿ ಹತ್ತುವವರ ಕಥೆಯೂ ಬಹಳಷ್ಟು ಹೀಗೆಯೇ. ದೋಣಿಗೆ ಹಾಯಿ, ಹಾಯಿಗೆ ಹಗ್ಗ, ಹಗ್ಗಕ್ಕೆ ಹಣ, ಹಣಕ್ಕೆ ಮತ್ತೆ ದಡದ ನೌಕರಿ! ಪಾರ್ಡೆ ದಂಪತಿಗಳ ಹೆಗ್ಗಳಿಕೆಯೆಂದರೆ ಅವರು ಈ ಸರಪಳಿಯನ್ನು ಮೊದಲ ಕೊಂಡಿಯಲ್ಲಿಯೇ ಕತ್ತರಿಸಿದುದು.

ನಮ್ಮವರ ಹಾಯಿ

ಹಾಯಿ ನಮ್ಮವರನ್ನು ಪೂರ್ತಿಯಾಗಿ ಬಿಟ್ಟುಹೋಗಿಲ್ಲ. 1985ರಿಂದ 1987ರವರೆಗೆ ನಮ್ಮ ಭೂಸೇನೆಯ ಎಂಜಿನಿಯರ್ ದಳದವರು ‘ತೃಷ್ಣಾ’ ಎಂಬ ದೋಣಿಯಲ್ಲಿ ಭೂಪ್ರದಕ್ಷಿಣೆ ಮಾಡಿದರು. ನಮ್ಮ ಕಾರವಾರದ ನೆರೆಯ ಗೋವೆಯಲ್ಲಿಯೇ ಕಟ್ಟಿದ ‘ಮಾದೆಯಿ’ಯಲ್ಲಿ ದಿಲೀಪ ದೋಂದೆಯವರು 2009–10ರಲ್ಲಿ ಒಬ್ಬರೇ ಜಗತ್ತನ್ನು ಸುತ್ತಿದರು. ಅದೇ ದೋಣಿಯಲ್ಲಿ ಅಭಿಲಾಷ್ ಟಾಮಿಯವರು 2012–13ರಲ್ಲಿ ಎಲ್ಲಿಯೂ ನಿಲ್ಲದೆ ಸುತ್ತಿ ಬಂದರು. ಗೋವೆಯಲ್ಲಿ ಕಟ್ಟಿದ ‘ತಾರಿಣಿ’ಯಲ್ಲಿ ನೌಕಾದಳದ ಆರು ಮಂದಿ ಮಹಿಳೆಯರು 2017ರ ಸೆಪ್ಟೆಂಬರಿನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಮರಳಿದರು. 2024ರ ಅಕ್ಟೋಬರಿನಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಣಿಯರು ಅದೇ ತಾರಿಣಿಯಲ್ಲಿ ಹೊರಟು ಸುಮಾರು ಎಂಟು ತಿಂಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ಮಗಳಿಗೆ ಇವರ ಚಿತ್ರವನ್ನು ತೋರಿಸಿದೆ. “ಇವರ ದೋಣಿಯಲ್ಲಿ ಬೆಕ್ಕು ಏಕಿಲ್ಲ?” ಎಂಬುದೊಂದೇ ಅವಳ ಆಕ್ಷೇಪ.

ಸಾಮಾನ್ಯ ಗೃಹಸ್ಥನಿಗೆ ಮಾತ್ರ ನಮ್ಮ ಕಡಲು ಸುಲಭದ ಮನೆಯಲ್ಲ. ಜೂನ್ ಬಂದರೆ ಪಶ್ಚಿಮ ಕರಾವಳಿಯಲ್ಲಿ ಸಮುದ್ರದ ಬಾಗಿಲು ಮುಚ್ಚುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳಿಗೂ ಮೀನು ಹಿಡಿಯಲು ನಿಷೇಧವಿದೆ. ಹಿಂದೆ ಮಚವೆಗಳನ್ನು ಮಳೆಗಾಲದಲ್ಲಿ ಹೊಳೆಯ ಒಳಗೆಳೆದು, ದಡಕ್ಕೇರಿಸಿ, ಮಡಲಿನ ಮಾಡು ಹೊದಿಸಿ ನಿಲ್ಲಿಸುತ್ತಿದ್ದರು. ಆಗ ತಂಡೇಲನೂ ದಡದ ಮನೆಗೆ ಬರಬೇಕು, ಬೆಕ್ಕೂ ಬರಬೇಕು. ಅಂದರೆ ಕಡಲನ್ನು ಮನೆಯಾಗಿ ಮಾಡಿಕೊಂಡವನಿಗೂ ಮೂರು ತಿಂಗಳಿಗೊಂದು ಸೂರು ನೆಲದ ಮೇಲೆ ಬೇಕೇ ಬೇಕು.

ನಮಗೆ ಬೇಕಾಗಿದ್ದುದು ಅದೇ ಸೂರು, ಅದೇ ಮೂರು ತಿಂಗಳ ಮುಂಚೆ.

ಮಿರ್ಗದ ಮೊದಲು

ಮೇ ತಿಂಗಳ ಮೂರನೆಯ ವಾರದವರೆಗೆ ಹನ್ನೊಂದು ಮನೆಗಳನ್ನು ನೋಡಿದೆ. ಬೆಕ್ಕಿನ ಮಾತೆತ್ತಿದೊಡನೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದಿತು. ಬೆಕ್ಕಿನ ಮಾತನ್ನು ಮರೆಮಾಚಿ ಮನೆ ಹಿಡಿಯೋಣವೆಂದು ಗೆಳೆಯರು ಸಲಹೆ ಕೊಟ್ಟರು. ಆದರೆ ಕಣ್ಣು ಮುಚ್ಚಿ ಹಾಲು ಕುಡಿಯುವ ವಿದ್ಯೆ ಬೆಕ್ಕಿಗೆ ಒಪ್ಪುತ್ತದೆಯೇ ಹೊರತು ಅದನ್ನು ಸಾಕಿದವನಿಗಲ್ಲ.

ಹನ್ನೆರಡನೆಯ ಮನೆ ಸಿದ್ದಾಪುರದ ದಾರಿಯಲ್ಲಿ, ಊರಿನಿಂದ ಐದಾರು ಮೈಲಿ ಆಚೆಗೆ, ಅಡಕೆ ತೋಟದ ತಲೆಯ ಮೇಲೆ ಇದ್ದಿತು. ಮಕ್ಕಳೆಲ್ಲ ಬೆಂಗಳೂರು ಸೇರಿದ್ದುದರಿಂದ ವೃದ್ಧ ದಂಪತಿಗಳು ಮನೆಯ ಅರ್ಧವನ್ನು ಬಾಡಿಗೆಗೆ ಕೊಡುವವರಿದ್ದರು. ಆಸರಿಗೆ ಕೊಟ್ಟು, ಊರು ಕೇರಿ ವಿಚಾರಿಸಿದ ಮೇಲೆ ನಾನು ತಡವರಿಸುತ್ತ, “ನಮ್ಮಲ್ಲಿ ಎರಡು ಬೆಕ್ಕುಗಳಿವೆ” ಎಂದೆ.

ಅಜ್ಜಿ ಒಳಗಿನಿಂದಲೇ ಕೇಳಿದರು: “ಇಲಿ ಹಿಡೀತ್ವಾ?”

ಅಟ್ಟದ ಮೇಲೆ ಚಾಲಿ ಅಡಕೆಯ ಮೂಟೆಗಳಿದ್ದುವು. ಅದರ ಪಕ್ಕದಲ್ಲಿ ಭತ್ತದ ಕಣಜ. ಸಾಕಿದ ಬೆಕ್ಕು ಹಿಂದಿನ ವರ್ಷ ಸತ್ತ ಮೇಲೆ ಇಲಿಗಳ ರಾಜ್ಯ. ಐದೇ ನಿಮಿಷಗಳಲ್ಲಿ ಒಪ್ಪಂದ ಮುಗಿಯಿತು. ತಂಡೇಲರ ತಂದೆ ಮುಂಬಯಿಯಲ್ಲಿ ಒಂದು ಉಬ್ಬರವನ್ನೇಕೆ ಕಳೆದುಕೊಂಡರೆಂಬುದು ನನಗೆ ಆ ಜಗುಲಿಯಲ್ಲಿ ಚೆನ್ನಾಗಿ ಅರ್ಥವಾಯಿತು. ಪೇಟೆಯ ಮನೆಗಳಲ್ಲಿ ಬೆಕ್ಕು ಒಂದು ಅಲಂಕಾರ, ಇಲ್ಲವೆ ಒಂದು ಉಪದ್ರವ. ಸರಕು ತುಂಬಿದ ಮನೆಗೂ, ಸರಕು ತುಂಬಿದ ಹಡಗಿಗೂ ಅದು ಒಬ್ಬ ನೌಕರ.

ಜೂನ್ ಮೊದಲ ವಾರ, ಮೋಡ ಕವಿದ ಒಂದು ಮಧ್ಯಾಹ್ನ ನಾವು ಸಾಮಾನು ಸಾಗಿಸಿದೆವು. ಕರಿಯನು ಬುಟ್ಟಿಯಿಂದ ಹೊರಬಿದ್ದವನೇ ಅಟ್ಟ ಹತ್ತಿ ಅಧಿಕಾರ ಸ್ವೀಕರಿಸಿದ. ಕೆಂಚಿ ಮಾತ್ರ ಹೊಸ ಮನೆಯ ಮೂಲೆಮೂಲೆಯನ್ನೂ ಮೂಸಿ, ಎರಡು ದಿನ ಹೊಸ್ತಿಲಿನಲ್ಲಿ ಕುಳಿತು ಕೂಗಿತು. ಮೂರನೆಯ ದಿನ ಕಾಣಲಿಲ್ಲ. ಮಳೆ ಸುರಿಯತೊಡಗಿದ್ದಿತು. ಮಗಳು ತೋಟದಲ್ಲೆಲ್ಲ ಹೆಸರು ಹಿಡಿದು ಕೂಗಿ ಒದ್ದೆಯಾಗಿ ಬಂದಳು. ಎಂಟನೆಯ ದಿನ ಹಳೆಯ ಮನೆಯ ಯಜಮಾನರಿಂದ ಫೋನ್ ಬಂದಿತು.

“ಮಾಸ್ತರೇ, ನಿಮ್ಮ ಬೆಕ್ಕು ಇಲ್ಲಿ ಬಂದು ಕೂತಿದೆ. ಮೈಯೆಲ್ಲ ಕೆಸರು. ನಮ್ಮ ಮನೆಯವರು ಹಾಲು ಹಾಕಿದ್ದಾರೆ.” ಸ್ವಲ್ಪ ತಡೆದು, “ಇರಲಿ ಬಿಡಿ. ಮತ್ತೆ ಮಳೆಯಲ್ಲಿ ಎಲ್ಲಿಗೆಂದು ಹೋಗುತ್ತದೆ?” ಎಂದರು.

ನಾಯಿ ಒಡೆಯನ ಹಿಂದೆ ಹೋಗುತ್ತದೆ, ಬೆಕ್ಕು ಮನೆಯ ಹಿಂದೆ ಉಳಿಯುತ್ತದೆ ಎಂದು ನಮ್ಮ ಹಿರಿಯರು ಹೇಳುವುದುಂಟು. ಸಮುದ್ರದ ಬೆಕ್ಕುಗಳು ಸಾವಿರಾರು ಹರದಾರಿ ಹೋಗಿಯೂ ಕೊರಗದಿದ್ದುದರ ಗುಟ್ಟು ಪ್ರಾಯಶಃ ಇದೇ ಇರಬೇಕು. ಅವು ಮನೆಯನ್ನು ಬಿಟ್ಟು ಹೋಗಲೇ ಇಲ್ಲ. ಮನೆಯೇ ಅವುಗಳನ್ನು ಹೊತ್ತು ಸಾಗಿತು. ಟ್ರಿಮ್‌ಗೆ ಮನೆಯೆಂದರೆ ಆ ಹಲಗೆ, ಆ ಹಗ್ಗ, ಆ ಒಡೆಯ. ಹಡಗು ಹೋಗಿ ಒಡೆಯನೂ ಸೆರೆಯಾದಾಗಲೇ ಅದು ದಾರಿ ತಪ್ಪಿದುದು.

ಮಗಳು ಈಗ ಶನಿವಾರಕ್ಕೊಮ್ಮೆ ಹಳೆಯ ಮನೆಗೆ ಹೋಗಿ ಕೆಂಚಿಯನ್ನು ನೋಡಿ ಬರುತ್ತಾಳೆ. ರೇಷ್ಮೆಯ ಪೆಟ್ಟಿಗೆಗೆ ಯಜಮಾನರು ಬೀಗ ಹಾಕಿಸಿದ್ದಾರೆ. ಮೊನ್ನೆ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಅವಳು ಜಗುಲಿಯ ತುದಿಯಲ್ಲಿ ಕುಳಿತು, ಅಂಗಳದ ನೀರು ತೋಟದ ಕಾಲುವೆಗೆ ಇಳಿಯುವುದನ್ನು ನೋಡುತ್ತಿದ್ದಳು. ಹಳೆಯ ಉತ್ತರಪತ್ರಿಕೆಯಿಂದ ಒಂದು ದೋಣಿ ಮಾಡಿ ತೇಲಿಬಿಟ್ಟು, “ಇದು ತದಡಿಗೆ ಹೋಗುತ್ತದೆಯೆ ಅಪ್ಪಾ?” ಎಂದು ಕೇಳಿದಳು. ದೋಣಿಯ ಮೇಲೆ ಪೆನ್ಸಿಲಿನಿಂದ ಎರಡು ಬೆಕ್ಕುಗಳನ್ನು ಬರೆದಿದ್ದಳು.